ಪಂಚೆಗೆ ನೀಲಿ ಸಾಲದು: ಗಿಂಪ್‌ನಲ್ಲಿ ಹಳೇ ಇನ್‌ಸ್ಟಾಗ್ರಾಂ ಫಿಲ್ಟರ್

ಮೊದಲ ಸಂಜೆ

ಮೇಲುಕೋಟೆಗೆ ಹೋದಾಗ ಮೊಬೈಲ್‌ನಲ್ಲಿ ತೆಗೆದದ್ದು 23 ಫೋಟೋ. ಅದರಲ್ಲಿ ನನಗಿಷ್ಟವಾದದ್ದು ಒಂದೇ: ಕಲ್ಯಾಣಿಯ ಮೆಟ್ಟಿಲ ಮೇಲೆ ಬಿಳಿ ಪಂಚೆ ಉಟ್ಟು ಕೂತ ಅಪ್ಪ. ಇದಕ್ಕೆ ಎಕ್ಸ್-ಪ್ರೋ 2 ಫಿಲ್ಟರ್‌ನ ಬಣ್ಣ ಕೊಡಬೇಕು ಅನ್ನಿಸಿತು. 2010ರಲ್ಲಿ ಇನ್‌ಸ್ಟಾಗ್ರಾಂ ಬಂದ ಹೊಸದರಲ್ಲಿ ಇದ್ದ ಫಿಲ್ಟರ್ ಅದು. ಫೋಟೋ ಚೌಕ, ಮೂಲೆ ಕಪ್ಪು. ಆಗ ನೋಡಿ ನಕ್ಕವನು ನಾನೇ. ಆ್ಯಪ್‌ನಲ್ಲಿ ಒಂದು ಸಲ ಒತ್ತಿದರೆ ಮುಗೀತು, ನಿಜ. ಆದರೆ ಒಳಗೆ ಏನು ನಡೆಯುತ್ತೆ ಅಂತ ನೋಡುವ ಚಪಲ. ಅದಕ್ಕೇ ಫೋಟೋ ತಿದ್ದುವ ಉಚಿತ ತಂತ್ರಾಂಶ ಗಿಂಪ್ ತೆರೆದೆ.

ಹೆಸರಲ್ಲೇ ಗುಟ್ಟಿದೆ. ಎಕ್ಸ್-ಪ್ರೋ ಅಂದರೆ ಕ್ರಾಸ್ ಪ್ರೋಸೆಸಿಂಗ್. ಸ್ಲೈಡ್ ಫಿಲ್ಮನ್ನು ತೊಳೆಯೋಕೆ ಇ-6 ಅಂತ ಬೇರೆ ರಾಸಾಯನಿಕ ಇದೆ. ಅದು ಬಿಟ್ಟು ಕಲರ್ ನೆಗೆಟಿವ್ ತೊಳೆಯುವ ಸಿ-41ರಲ್ಲಿ ಅದ್ದಿದರೆ ಬಣ್ಣಗಳು ದಾರಿ ತಪ್ಪುತ್ತವೆ, ಕಾಂಟ್ರಾಸ್ಟ್ ಜಾಸ್ತಿಯಾಗುತ್ತೆ. ಬೇಕಂತಲೇ ಮಾಡುವ ತಪ್ಪು.

ಗಿಂಪ್‌ನಲ್ಲಿ ಇದೆಲ್ಲಾ ಕರ್ವ್ಸ್ ಕೆಲಸ. ಒಂದೊಂದು ಬಣ್ಣಕ್ಕೂ ಒಂದು ಗೆರೆ, ಎಡಗಡೆ ನೆರಳು, ಬಲಗಡೆ ಬೆಳಕು, ಅಳತೆ 0ಯಿಂದ 255. ಗೆರೆ ಎತ್ತಿದರೆ ಆ ಬಣ್ಣ ಜಾಸ್ತಿ, ಇಳಿಸಿದರೆ ಕಮ್ಮಿ. ಕೆಂಪು ಗೆರೆಯನ್ನು ಎಸ್ ಆಕಾರಕ್ಕೆ ಎಳೆದೆ: ನೆರಳಿನ ಕಡೆ ತಗ್ಗು, ಬೆಳಕಿನ ಕಡೆ ಉಬ್ಬು. ಹಸಿರಿಗೂ ಅದೇ, ಸ್ವಲ್ಪ ಕಮ್ಮಿ. ನೀಲಿಗೆ ಮಾತ್ರ ಉಲ್ಟಾ. ಎಡತುದಿಯ 0 ಅನ್ನು 45ಕ್ಕೆ ಎತ್ತಿದೆ, ಬಲತುದಿಯ 255 ಅನ್ನು 200ಕ್ಕೆ ಇಳಿಸಿದೆ. ಮೆಟ್ಟಿಲ ಸಂದಿಯ ಕತ್ತಲು ತೆಳುವಾಗಿ ನೀಲಿಗಟ್ಟಿತು. ಭಲೇ ಅಂದುಕೊಂಡೆ.

ಎರಡನೇ ಸಂಜೆ

ಅಮ್ಮ ಕಾಫಿ ಲೋಟ ಇಡೋಕೆ ಬಂದವಳು ಪರದೆ ನೋಡಿದಳು. "ಪಂಚೆಗೆ ನಾನು ನೀಲಿ ಹಾಕಿದ್ನಲ್ಲೋ! ಯಾಕೆ ಇಷ್ಟು ಹಳದಿ?"

ನೋಡಿದರೆ ಹೌದು. ಅರಿಶಿನದ ನೀರಿಗೆ ಅದ್ದಿದ ಹಾಗಿದೆ. ಬಿಳಿ ಅಂದರೆ ಕೆಂಪು, ಹಸಿರು, ನೀಲಿ ಮೂರೂ 255. ನೀಲಿಯೊಂದನ್ನೇ 200ಕ್ಕೆ ಇಳಿಸಿದರೆ ಉಳಿಯೋದು ಹಳದಿ ತಾನೇ? ಬಟ್ಟೆ ಒಗೆಯುವಾಗ ಅಮ್ಮ ನೀಲಿ ಹಾಕೋದೂ ಇದೇ ಲೆಕ್ಕಕ್ಕೆ. ನಾನು ಎರಡು ಸಂಜೆ ಗೆರೆ ಎಳೆದು ಕಲಿತದ್ದು ಅವಳ ಬಕೆಟ್‌ನಲ್ಲಿ ಮೊದಲೇ ಇತ್ತು.

2025ರ ಮಾರ್ಚ್‌ನಲ್ಲಿ ಬಂದ ಗಿಂಪ್ 3.0 ಹಾಕಿಕೊಂಡದ್ದು ಇಲ್ಲಿ ಉಪಯೋಗಕ್ಕೆ ಬಂತು. ಮೊದಲೆಲ್ಲಾ ಕರ್ವ್ಸ್ ಒಮ್ಮೆ ಕೂತರೆ ಕೂತಿತು. ತಿದ್ದಬೇಕಂದರೆ ಅನ್‌ಡೂ ಒತ್ತಿ ಮತ್ತೆ ಮೊದಲಿಂದ. ಈಗ ಅದು ಲೇಯರ್ ಮೇಲೆ ಬೇರೆಯಾಗಿಯೇ ಉಳಿಯುತ್ತೆ. ತೆರೆದು 200 ಅನ್ನು 235 ಮಾಡಿದೆ. ಪಂಚೆ ಕೆನೆಬಣ್ಣಕ್ಕೆ ಬಂತು. ನೆರಳಿನ 45 ಮುಟ್ಟಲಿಲ್ಲ.

ಭಾನುವಾರ

ಕರ್ವ್ಸನ್ನು ಪ್ರೀಸೆಟ್ ಆಗಿ ಉಳಿಸಿಕೊಂಡು ಉಳಿದ 22ಕ್ಕೂ ಹಾಕಿ ನೋಡಿದೆ. ಬಿಸಿಲಲ್ಲಿ ತೆಗೆದವು ಪರವಾಗಿಲ್ಲ. ಮಂಟಪದ ನೆರಳಲ್ಲಿ ತೆಗೆದವುಗಳಲ್ಲಿ ಎಲ್ಲರ ಮುಖ ನೀಲಿ, ಜ್ವರ ಬಂದವರ ಹಾಗೆ. ಅವಕ್ಕೆ ಎಡತುದಿಯನ್ನು 20ಕ್ಕೆ ಇಳಿಸಬೇಕೇನೋ.

ಕೊನೆಗೆ ಅಪ್ಪನ ಫೋಟೋಗೆ ಮೂಲೆ ಕಪ್ಪಾಗಿಸುವ ವಿನೆಟ್ ಹಾಕಿದೆ. ಅಪ್ಪ ಕೂತಿರೋದು ಎಡಗಡೆ ಅಂಚಿಗೆ. ಕಪ್ಪು ಬಂದು ಅವರ ಮುಖದ ಮೇಲೇ ಬಿತ್ತು. ವಿನೆಟ್‌ನ ನಡುವನ್ನು ಅವರ ಕಡೆ ಎಳೆದು ಸರಿ ಮಾಡಿ, ಅಮ್ಮನಿಗೆ ತೋರಿಸಿದೆ. ಪಂಚೆಗೆ ಪಾಸ್ ಸಿಕ್ಕಿತು.

"ಮೂಲೆ ಯಾಕೋ ಹೊಗೆ ಹಿಡಿದಿದೆ?"