ಮಡಿಕೇರಿ ಕೋಟೆಯಲ್ಲಿ ಒಂದು ದಿನ ಸ್ಕೆಚ್: ಹೋಗುವವರಿಗೆ ಒಂದಿಷ್ಟು ಮಾತು

ಮೊದಲು ದಿನದ ವಿಷಯ. ಸೋಮವಾರ ಹೋಗಬೇಡಿ, ಕೋಟೆಯೊಳಗಿನ ಮ್ಯೂಸಿಯಂಗೆ ರಜೆ. ಶನಿವಾರ, ಭಾನುವಾರವೂ ಬೇಡ, ರಾಜಾಸೀಟಿಗೆ ಬಂದವರೆಲ್ಲ ಕೋಟೆಗೂ ಬರುತ್ತಾರೆ, ನೀವು ಬಿಡಿಸುವ ವಿಗ್ರಹದ ಮುಂದೆಯೇ ನಿಂತು ಸೆಲ್ಫಿ ತೆಗೆಯುತ್ತಾರೆ. ನಮ್ಮ ಗುಂಪು ವಾರದ ನಡುವೆ ಮೈಸೂರಿನಿಂದ ಬೆಳಗಿನ ಬಸ್ ಹತ್ತಿತು. ಸುಮಾರು 120 ಕಿಲೋಮೀಟರ್ ದಾರಿ. ಮಡಿಕೇರಿ ಬಸ್ ಸ್ಟ್ಯಾಂಡಿನಿಂದ ಕೋಟೆಗೆ ನಡೆದೇ ಹೋಗಬಹುದು.

ಮ್ಯೂಸಿಯಂ ಇರುವುದು ಕೋಟೆಯೊಳಗಿನ ಹಳೆಯ ಸೇಂಟ್ ಮಾರ್ಕ್ಸ್ ಚರ್ಚಿನಲ್ಲಿ. 1850ರ ದಶಕದಲ್ಲಿ ಬ್ರಿಟಿಷರು ಕಟ್ಟಿದ್ದು. ಜಾಗ ಚಿಕ್ಕದು. ಎಲ್ಲರೂ ಒಟ್ಟಿಗೆ ಒಳಗೆ ಕೂತರೆ ಬೇರೆಯವರಿಗೆ ಓಡಾಡಲು ದಾರಿಯೇ ಇರುವುದಿಲ್ಲ. ಅರ್ಧ ಜನ ಒಳಗೆ, ಅರ್ಧ ಜನ ಹೊರಗೆ, ಆಮೇಲೆ ಅದಲು ಬದಲು, ಇದೇ ಸರಿ. ಹೋದ ಕೂಡಲೇ ಅಲ್ಲಿನ ಸಿಬ್ಬಂದಿಗೆ ಹೇಳಿ, ಕೇಳಿ. ಈಸೆಲ್ (ಹಾಳೆ ನಿಲ್ಲಿಸುವ ಸ್ಟ್ಯಾಂಡ್) ಬೇಡ, ಇಂಕ್ ಬೇಡ, ಪೆನ್ಸಿಲ್ ಸಾಕು.

ಒಳಗೆ ಜೈನ ವಿಗ್ರಹ, ಹಳೆಯ ಶಿಲ್ಪ, ಆಯುಧ ಇವೆ. ಎಲ್ಲವನ್ನೂ ಬಿಡಿಸುತ್ತೇನೆಂದು ಹೊರಟರೆ ಒಂದೂ ಮುಗಿಯುವುದಿಲ್ಲ. ಒಂದು ಕಲ್ಲು, ಒಂದು ಕತ್ತಿ ಆರಿಸಿಕೊಳ್ಳಿ. ಕೊಡವರ ಒಡಿಕತ್ತಿ ಎಲ್ಲಾದರೂ ಕಣ್ಣಿಗೆ ಬಿದ್ದರೆ ಬಿಡಬೇಡಿ. ಅದರ ಅಲಗು ಅಗಲ, ಒಳಕ್ಕೆ ಬಾಗಿರುತ್ತದೆ. ಹಿಡಿಯಿಂದ ಶುರು ಮಾಡಿ ಚೂರು ಚೂರೇ ಎಳೆದರೆ ಸೌದೆ ಕತ್ತಿ ಆಗಿಬಿಡುತ್ತದೆ, ಕತ್ತಿಯ ಬೆನ್ನಿನ ಬಾಗನ್ನು ಮೊದಲು ಭುಜದಿಂದ ಕೈ ಬೀಸಿ ಒಂದೇ ಸಲ ಎಳೆಯಿರಿ, ಉಳಿದದ್ದು ತಾನಾಗಿ ಕೂರುತ್ತದೆ. ಗಾಜಿನ ಪೆಟ್ಟಿಗೆಯಲ್ಲಿದ್ದರೆ ಎದುರಿಗೆ ನಿಲ್ಲಬೇಡಿ, ನಿಮ್ಮ ಮುಖವೇ ಕಾಣುತ್ತದೆ. ಸ್ವಲ್ಪ ಓರೆಯಾಗಿ ನಿಲ್ಲಿ.

ಹೊರಗೆ ಅರಮನೆ ಇದೆ, ಕೊಡಗಿನ ರಾಜ ಲಿಂಗರಾಜೇಂದ್ರ 1812–14ರಲ್ಲಿ ಕಟ್ಟಿಸಿದ್ದು. ಉದ್ದ ಗೋಡೆ, ಕಿಟಕಿ ಮೇಲೆ ಕಿಟಕಿ, ಪರ್ಸ್ಪೆಕ್ಟಿವ್ (ದೂರ ಹೋದಂತೆ ಚಿಕ್ಕದಾಗಿ ಕಾಣುವುದನ್ನು ಬಿಡಿಸುವುದು) ಅಭ್ಯಾಸಕ್ಕೆ ಒಳ್ಳೆಯದು, ಸುಮ್ನೆ ಖುಷಿಗೆ ಬಿಡಿಸಲು ಬೋರು. ನನಗೆ ಕೇಳಿದರೆ ಗಾರೆಯ ಎರಡು ಆನೆಗಳೇ ಮೇಲು. ನಿಜ ಆನೆಯಷ್ಟೇ ದೊಡ್ಡವು, ಅಲ್ಲಾಡುವುದಿಲ್ಲ, ಹೊಸಬರಿಗೆ ಇದಕ್ಕಿಂತ ಒಳ್ಳೆಯ ಮಾಡೆಲ್ ಎಲ್ಲಿ ಸಿಗಬೇಕು? ರಾಜನೊಬ್ಬ ಕೋಪದಲ್ಲಿ ಆನೆಗಳನ್ನು ಕೊಲ್ಲಿಸಿ ಆಮೇಲೆ ಪಶ್ಚಾತ್ತಾಪಕ್ಕೆ ಇವನ್ನು ಮಾಡಿಸಿದ ಎಂಬ ಕಥೆಯೂ ಇದೆ.

ಊಟಕ್ಕೆ ಕಡಂಬುಟ್ಟು (ಅಕ್ಕಿ ತರಿಯ ಉಂಡೆ), ಪಂದಿ ಕರಿ (ಹಂದಿ ಮಾಂಸದ ಸಾರು). ಆದರೆ ಹೊಟ್ಟೆ ತುಂಬಾ ತಿಂದರೆ ಮಧ್ಯಾಹ್ನ ಕೈ ಓಡುವುದಿಲ್ಲ, ಹೇಳಿಲ್ಲ ಅನ್ನಬೇಡಿ. ಆಮೇಲೆ ಆಟೋ ಹಿಡಿದು ಗದ್ದಿಗೆಗೆ ಹೋಗಿ. ಕೊಡಗಿನ ರಾಜರ ಸಮಾಧಿಗಳು, ಗುಮ್ಮಟ, ಮೂಲೆಗೊಂದು ಮಿನಾರು. ಹತ್ತಿರ ಕೂತರೆ ಗುಮ್ಮಟ ಹಾಳೆಯಲ್ಲಿ ಹಿಡಿಯುವುದಿಲ್ಲ, ಹುಲ್ಲಿನ ಆಚೆ ತುದಿಗೆ ಹೋಗಿ. ಮಡಚುವ ಸ್ಟೂಲ್ ಇದ್ದರೆ ಇಲ್ಲಿ ಬೇಕಾಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಯೋಜನೆಯನ್ನೇ ಮರೆತುಬಿಡಿ. ಡಿಸೆಂಬರ್, ಜನವರಿ ಚೆನ್ನ. ಆಗಲೂ ಬೆಳಗಿನ ಮಂಜಿಗೆ ಕಾಗದ ಮೆತ್ತಗಾಗುತ್ತದೆ, ವಾಟರ್‌ಕಲರ್ ಬೇಗ ಒಣಗುವುದಿಲ್ಲ, ಒಂದು ಬಣ್ಣ ಹಾಕಿ ಕಾಯುತ್ತಾ ಕೂರಬೇಕು. ಬಣ್ಣ ಬೇಕೇ ಬೇಕು ಅನ್ನುವವರು ಕಲರ್ ಪೆನ್ಸಿಲ್ ತನ್ನಿ. ಪುಸ್ತಕಕ್ಕೆ ಪ್ಲಾಸ್ಟಿಕ್ ಕವರ್ ಇರಲಿ.

ವಾಪಸ್ ಬಸ್ಸಿಗೆ ಸೀಟು ಮೊದಲೇ ಬುಕ್ ಮಾಡಿ, ಸಂಜೆ ರಶ್ ಜಾಸ್ತಿ. ಉಳಿದ ಶೇಡಿಂಗ್ ಬಸ್ಸಿನಲ್ಲಿ ಮುಗಿಸೋಣ ಅಂತ ಮಾತ್ರ ಅಂದುಕೊಳ್ಳಬೇಡಿ, ಘಾಟಿಯ ತಿರುವಿನಲ್ಲಿ ನಮ್ಮಲ್ಲೊಬ್ಬರು ಅದನ್ನೇ ಮಾಡಲು ಹೋಗಿ ಕುಶಾಲನಗರದವರೆಗೆ ಕಿಟಕಿಗೆ ತಲೆ ಕೊಟ್ಟು ಕೂತಿದ್ದರು.