ಹೊಸಿಲ ಮುಂದೆ

ಭಾನುವಾರ, 17 ನವೆಂಬರ್ 2024
ಗುಬ್ಬಿ ಹತ್ತಿರದ ನಮ್ಮೂರು

ನಿನ್ನೆ ಸಂಜೆ ತುಮಕೂರಿನಿಂದ ಬಂದು ಬ್ಯಾಗು ಇಳಿಸುವ ಮೊದಲೇ ತಾತ ಕೇಳಿದರು. "ನಿಮ್ಮ ಲ್ಯಾಬಿಗೆ ಡೋಪಮೈನ್‌ದು ಯಾವುದೋ ಪುಡಿ ಬಂದೈತಂತಲ್ಲಮ್ಮ, ಅದು ನಂಗಾಗುತ್ತಾ?" ಫೋನಲ್ಲಿ ಹೇಳಿದ್ದನ್ನು ಅಮ್ಮ ಅವರಿಗೆ ಹೇಳಿದ್ದಾಳೆ. ಎಷ್ಟು ಆಸೆಯಿಂದ ಕೇಳಿದರು ಅಂದರೆ, ಇಲ್ಲ ಅನ್ನೋಕೆ ಬಾಯೇ ಬರಲಿಲ್ಲ.

ಆ ಪುಡಿಯ ಹೆಸರು ಎಸ್‌ಸಿಎಚ್ 23390. 1980ರ ದಶಕದ ಶುರುವಿನಲ್ಲಿ ಷೆರಿಂಗ್ ಕಂಪನಿಯಿಂದ ಬಂದದ್ದು. ಔಷಧಿಯಲ್ಲ, ಪ್ರಯೋಗಕ್ಕೆ ಮಾತ್ರ. ಡೋಪಮೈನ್ ಅಂದರೆ ಮಿದುಳಿನ ಕೋಶಗಳ ನಡುವೆ ಸುದ್ದಿ ಒಯ್ಯುವ ರಾಸಾಯನಿಕ, ಕೈಕಾಲು ಆಡಿಸೋಕೆ ಬೇಕು. ಮಿದುಳಲ್ಲಿ ಅದು ಬಂದು ಕೂರುವ ರಿಸೆಪ್ಟರ್‌ಗಳು 5 ಬಗೆ, ಡಿ1ರಿಂದ ಡಿ5ರವರೆಗೆ. ಈ ಪುಡಿ ಮುಖ್ಯವಾಗಿ ಡಿ1, ಡಿ5ರ ಮೇಲೆ ಕೂತುಬಿಡುತ್ತದೆ. ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗೆ. ತಾನೂ ಕೆಲಸ ಮಾಡುವುದಿಲ್ಲ, ಡೋಪಮೈನ್‌ಗೂ ಜಾಗ ಬಿಡುವುದಿಲ್ಲ.

ತಾತನದು ಪಾರ್ಕಿನ್ಸನ್, ಕೈಕಾಲಿನ ಚಲನೆ ನಿಧಾನವಾಗುವ ಕಾಯಿಲೆ. ಅಲ್ಲಿ ಸೀಟು ಖಾಲಿ, ಕೂರುವವರೇ ಕಡಿಮೆ. ಡೋಪಮೈನ್ ಮಾಡುವ ಕೋಶಗಳೇ ಸಾಯುತ್ತಿವೆ. ಅವರು ನುಂಗುವ ಲೆವೊಡೋಪ ಮಾತ್ರೆ ಮಿದುಳಿಗೆ ಹೋಗಿ ಡೋಪಮೈನ್ ಆಗುತ್ತದೆ. "ಇದು ಅದಕ್ಕೆ ಉಲ್ಟಾ ತಾತ" ಅಂದೆ. ಸುಮ್ಮನಾದರು.

ಗುರುವಾರ ಮೊದಲ ಸಲ ಇಲಿಗೆ ಆ ಪುಡಿ ಕರಗಿಸಿ ಚುಚ್ಚಿದ್ದೆವು. ಆಮೇಲೆ ಅದರ ಮುಂಗಾಲುಗಳನ್ನು ಒಂದು ಸರಳಿನ ಮೇಲೆ ಇಡಬೇಕು. ಬೇರೆ ಇಲಿಯಾದರೆ ತಕ್ಷಣ ಕಾಲು ಇಳಿಸುತ್ತದೆ. ಇದು ಇಟ್ಟ ಹಾಗೇ ನಿಂತಿತು. ಕಣ್ಣು ತೆರೆದಿತ್ತು, ಮೀಸೆ ಅಲುಗುತ್ತಿತ್ತು, ಕಾಲು ಮಾತ್ರ ಬರಲಿಲ್ಲ. ಸ್ಟಾಪ್‌ವಾಚ್ ಓಡುತ್ತಿತ್ತು. ನನ್ನ ಕಣ್ಣಮುಂದೆ ತಾತ ಬಂದರು. ಬೆಳಗಿನ ಮಾತ್ರೆಗೆ ಮುಂಚೆ ಹೊಸಿಲ ಹತ್ತಿರ ಅವರು ಹೀಗೇ ನಿಂತುಬಿಡುತ್ತಾರೆ. "ಬೇಗ ಬನ್ನಿ ತಾತ" ಅಂತ ಎಷ್ಟು ಸಲ ಕೈ ಹಿಡಿದು ಎಳೆದಿದ್ದೇನೆ. ಅವರಿಗೆ ಬರಬೇಕು ಅಂತಲೇ ಇರುತ್ತಿತ್ತು, ಅಲ್ವಾ.

ಇಲಿಯ ಮೈಯಲ್ಲಿ ಈ ಪುಡಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ, ಅರ್ಧ ಗಂಟೆಗೆ ಅರ್ಧ ಇಳಿದಿರುತ್ತದೆ. ಸಂಜೆ ಆ ಇಲಿ ಗೂಡಲ್ಲಿ ಕಾಳು ಕಡಿಯುತ್ತಿತ್ತು.

ಕಾಲು ಕಟ್ಟಿದಂತಾದಾಗ ನೆಲದ ಮೇಲೆ ಅಡ್ಡ ಗೆರೆ ಇದ್ದರೆ ಪಾರ್ಕಿನ್ಸನ್ ಇರುವ ಎಷ್ಟೋ ಜನ ಅದನ್ನು ದಾಟಿ ನಡೆಯುತ್ತಾರೆ. ತಾನಾಗೇ ಬರುತ್ತಿದ್ದ ಹೆಜ್ಜೆಗೆ ಕಣ್ಣು ದಾರಿ ತೋರಿಸುತ್ತದೆ. ಇದು ಓದಿ ಗೊತ್ತಿತ್ತು, ಮನೆಯಲ್ಲಿ ಮಾಡಿರಲಿಲ್ಲ. ಇವತ್ತು ಬೆಳಿಗ್ಗೆ ಅಜ್ಜಿಯ ರಂಗೋಲಿ ಪುಡಿ ತೆಗೆದುಕೊಂಡು ಹೊಸಿಲವರೆಗೆ 5 ಗೆರೆ ಎಳೆದೆ. ತಾತ ಬಂದು ನಿಂತರು. ನಾನು ಕೈ ಹಿಡಿಯಲಿಲ್ಲ. "ಗೆರೆ ದಾಟಿ ತಾತ, ನಿಧಾನಕ್ಕೆ."

ಒಂದು ದಾಟಿದರು. ಇನ್ನೊಂದು. ಕೊನೆಗೆ ಹೊಸಿಲು.

ಅಜ್ಜಿ ರಂಗೋಲಿ ಡಬ್ಬ ನನ್ನ ಕೈಯಿಂದ ಇಸ್ಕೊಂಡರು. "ನಾಳೆಯಿಂದ ನಾನೇ ಎಳೀತೀನಿ ಬಿಡು" ಅಂದರು.