ಹನುಮಂತ 65 ಕೆಜಿ, ರಂಗದ ಮೇಲಿನ ತೊಲೆಗೆ ಎಷ್ಟು ಭಾರ?

ಗದಗ ಅಂದರೆ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯ ಊರು. ಈ ಸೀಮೆಯಲ್ಲಿ ಪೌರಾಣಿಕ ನಾಟಕ ಇಟ್ಟರೆ ಹನುಮಂತ ಹಾರಬೇಕು, ಜನ ಅದಕ್ಕೇ ಕಾದು ಕೂತಿರುತ್ತಾರೆ. ಹಾರಿಸುವ ಕೆಲಸ ಕಲಿಯಲು ಬರುವ ಹುಡುಗರು ಮೊದಲು ಕೇಳುವುದು ಹಾರ್ನೆಸ್ (ನಟನ ಮೈಗೆ ಬಿಗಿಯುವ ಪಟ್ಟಿ) ಬಗ್ಗೆ. ಮೊದಲು ಕಲಿಯಬೇಕಾದದ್ದು ಲೆಕ್ಕ.

ನಟ, ವೇಷ, ಗದೆ, ಹಾರ್ನೆಸ್ ಎಲ್ಲ ಸೇರಿ 65 ಕೆಜಿ ಅನ್ನೋಣ. ವೈರ್ ತೊಲೆಯ ಪುಲ್ಲಿ ದಾಟಿ ಕೆಳಗೆ ಎಳೆಯುವವರ ಕೈಗೆ ಬಂದರೆ, ಸುಮ್ಮನೆ ತೂಗಿದಾಗಲೇ ತೊಲೆಗೆ 130 ಕೆಜಿ: ಒಂದು ಬದಿ ನಟ, ಇನ್ನೊಂದು ಬದಿ ಎಳೆತ. ವೈರನ್ನು ನೇರದಿಂದ 60 ಡಿಗ್ರಿ ವಾಲಿಸಿ ಜೋಕಾಲಿಯಂತೆ ಬಿಟ್ಟರೆ, ತೀರ ಕೆಳಗೆ ಬಂದಾಗ ವೈರಿಗೇ 130, ತೊಲೆಗೆ 260. ಜಾತ್ರೆ ಪೆಂಡಾಲಿನ ಪೈಪು, ಲೈಟು ಕಟ್ಟಿದ ಟ್ರಸ್ ಇದಕ್ಕೆ ಆಗುವುದಿಲ್ಲ. ಹುಬ್ಬಳ್ಳಿ, ಧಾರವಾಡದ ರಂಗಮಂದಿರಗಳಲ್ಲೂ ಸ್ಟ್ರಕ್ಚರಲ್ ಎಂಜಿನಿಯರ್ ತೊಲೆ ನೋಡಿ ಬರೆದುಕೊಟ್ಟ ಮೇಲೇ ಪುಲ್ಲಿ ಕಟ್ಟಬೇಕು.

ಮನುಷ್ಯನನ್ನು ಎತ್ತುವ ವೈರಿಗೆ ಹತ್ತು ಪಟ್ಟು ಬಲ ಇಟ್ಟುಕೊಳ್ಳುತ್ತೇವೆ. ಕಣ್ಣಿಗೆ ಕಾಣದಿರಲಿ ಎಂದು 1/8 ಇಂಚಿನ 7x19 (19 ತಂತಿಯ ಏಳು ಎಳೆ ಹೆಣೆದ) ವೈರ್ ತರುವವರಿದ್ದಾರೆ. ಅದು ಹರಿಯುವುದು ಸುಮಾರು 900 ಕೆಜಿಗೆ. ತೂಗಲು ಸಾಕು, ಜೋಕಾಲಿಯ 1,300ಕ್ಕೆ ಸಾಲದು. 3/16 ಇಂಚಿನದು ಸುಮಾರು 1,900 ಕೆಜಿ ತಡೆಯುತ್ತದೆ. ತುದಿಯ ಕುಣಿಕೆಯೊಳಗೆ ಥಿಂಬಲ್ (ಲೋಹದ ಬಳೆ) ಇಟ್ಟು ಸ್ಲೀವ್ (ಲೋಹದ ಕೊಳವೆ) ಪ್ರೆಸ್ ಮಾಡಿಸಿ. ನಟ್ಟು ಬಿಗಿಯುವ ಯು-ಕ್ಲಿಪ್ಪಿನಲ್ಲಿ ಸುಮಾರು 20% ಬಲ ಹೋಗುತ್ತದೆ, ನಟ್ಟೂ ಸಡಿಲಾಗುತ್ತದೆ. ವೈರ್ ಮರೆಮಾಡಲು ಪೇಂಟ್ ಬಳಿಯಬೇಡಿ, ಹರಿದ ಎಳೆ ಅದರಡಿ ಅಡಗಿಬಿಡುತ್ತದೆ. ಹಿಂದೆ ಕಪ್ಪು ಪರದೆ ಬಿಟ್ಟು, ಮುಂದಿನ ಲೈಟು ತಗ್ಗಿಸಿದರೆ ಸಾಕು.

ಕಟ್ಟಡ ಕೆಲಸದ ಬೆಲ್ಟು ಬೇಡ. ಅದರ ರಿಂಗು ಬೆನ್ನ ಮೇಲಿರುವುದು ಬೀಳುವವನನ್ನು ಹಿಡಿಯಲು. ಹಾರಲು ಸೊಂಟದ ಎರಡೂ ಬದಿ ಹುಕ್ ಬೇಕು, ದೇಹದ ತೂಕ ಸಮವಾಗುವ ಜಾಗಕ್ಕಿಂತ ತುಸು ಮೇಲೆ. ಕೆಳಗಾದರೆ ನಟ ತಲೆಕೆಳಗಾಗುತ್ತಾನೆ. ತೊಡೆ ಜೋಮು ಹಿಡಿಯಿತೆಂದರೆ ತಕ್ಷಣ ಇಳಿಸಿ. ಕ್ಯಾರಬೀನರ್ (ಬಾಯಿ ಮುಚ್ಚುವ ಕೊಂಡಿ) ಅಡ್ಡ ತಿರುಗದಂತೆ ನೋಡಿ: ಉದ್ದಕ್ಕೆ 22 ಕಿಲೋನ್ಯೂಟನ್ (ಒಂದು ಕಿಲೋನ್ಯೂಟನ್ ಅಂದರೆ ಸುಮಾರು 100 ಕೆಜಿ ಭಾರ) ತಡೆಯುವಂಥದು ಅಡ್ಡಕ್ಕೆ 7ರ ಆಸುಪಾಸಿನಲ್ಲೇ ಸೋಲಬಹುದು.

ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಕೆಟ್ಟದ್ದು ಜೋಲು ಬಿದ್ದ ವೈರ್. ಉಕ್ಕು ಎಳೆದರೆ ಹಿಗ್ಗುವುದು ಬಹಳ ಕಡಿಮೆ. ಜೋಲಿನಿಂದ ನಟ 30 ಸೆಂ.ಮೀ. ಬಿದ್ದು, ಆಮೇಲೆ 3 ಸೆಂ.ಮೀ. ಒಳಗೆ ನಿಂತರೆ ಸರಾಸರಿ ತೂಕದ 11 ಪಟ್ಟು ಜಗ್ಗು, ಅಂದರೆ 715 ಕೆಜಿ. ವೈರ್ ತಡೆದೀತು, ಸೊಂಟ ತಡೆಯದು. ಅದಕ್ಕೇ ನಟ ಪುಲ್ಲಿಯ ನೇರ ಕೆಳಗೆ ನಿಲ್ಲಬೇಕು, ವೈರ್ ಬಿಗಿಯಾಗಿ ಹಿಮ್ಮಡಿ ಎದ್ದ ಮೇಲೇ ಎಳೆಯಬೇಕು. ಒಂದೂವರೆ ಮೀಟರ್ ಆಚೆ ನಿಂತವನನ್ನು ಎತ್ತಿದರೆ ಅಷ್ಟೇ ದೂರ ಈಚೆಗೂ ತೂಗಿ ಬರುತ್ತಾನೆ, ಸೈಡ್ ವಿಂಗ್‌ನ ಕಂಬಕ್ಕೆ ಬಡಿಯುತ್ತಾನೆ. ತಾಲೀಮಿನಲ್ಲಿ ಮೊದಲು ಮರಳು ಚೀಲ, ಆಮೇಲೆ ನಟ, ಅದೂ 30 ಸೆಂ.ಮೀ. ಎತ್ತರಕ್ಕೆ.

ಎಳೆಯುವವರಿಗೆ ನಾಟಕದ ಮಾತನ್ನು ಸನ್ನೆಯಾಗಿ ಇಡಬೇಡಿ. ನಮ್ಮ ಜನ ‘ಒನ್ಸ್ ಮೋರ್’ ಎಂದು ಕೂಗಿದರೆ ಅದೇ ಮಾತು, ಅದೇ ಹಾಡು ಮತ್ತೆ ಬರುತ್ತದೆ. ಅಷ್ಟರಲ್ಲಿ ಹುಕ್ ಅರ್ಧ ಬಿಚ್ಚಿರುತ್ತದೆ. ಹುಕ್ ಹಾಕಿ ಬಿಚ್ಚುವವನು ಒಬ್ಬನೇ ಇರಲಿ, ಅವನು ಕೈ ಮೇಲೆತ್ತಿದ್ದು ಕಂಡ ಮೇಲೇ ಎಳೆಯುವವರು ವೈರ್ ಎಳೆಯಲಿ.